ನಟನ ಕಾಯಕ: ನಾಡೋಜ ಏಣಗಿ ಬಾಳಪ್ಪನವರ ನೆನಪು

(ಬೆಂಗಳೂರಿನ ಜಯನಗರದಲ್ಲಿ ನಡೆದ ಮಾಸಿಕ ಶರಣ ಚಿಂತನ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ತಿಂಗಳು ಒಬ್ಬ ವಚನಕಾರರ ಬಗ್ಗೆ ಮಾತನಾಡಬೇಕೆಂದು ನನಗೆ ತಿಳಿಸಿದ್ದರು. ಒಬ್ಬ ನಟರ ಬಗ್ಗೆ ಮಾತನಾಡುತ್ತೇನೆಂದು ನಾನೇ ಅಪ್ಪಣೆ ಬೇಡಿಕೊಂಡೆ. ಬಸವಣ್ಣನವರ ಬಗ್ಗೆ ಬರೆದವರನ್ನು ನಾವು ನೆನೆಯುತ್ತೇವೆ. ಬಸವಣ್ಣನವರನ್ನು ಊರೂರಿಗೆ ಹೊತ್ತುಕೊಂಡು ಹೋದವರನ್ನು ಅಷ್ಟಾಗಿ ನೆನೆಯುವುದಿಲ್ಲ. ಅಂಥವರಲ್ಲಿ ಹಿರಿಯರು ಏಣಗಿ ಬಾಳಪ್ಪನವರು.

ಬಾಳಪ್ಪನವರು ಹುಟ್ಟಿದ್ದು 1914ರಲ್ಲಿ, ಬೆಳಗಾವಿ ಜಿಲ್ಲೆಯ ಏಣಗಿಯಲ್ಲಿ. ಗದುಗಿನ ಪುಟ್ಟರಾಜ ಗವಾಯಿಗಳು ಹುಟ್ಟಿದ್ದೂ ಅದೇ ವರ್ಷ. ಬಾಳಪ್ಪನವರದು ಒಕ್ಕಲುತನದ ಮನೆ. ಕಂಠ ಚೆನ್ನಾಗಿತ್ತು. ಎಳೆಯ ವಯಸ್ಸಿನಲ್ಲೇ ನಾಟಕ ಕಂಪನಿ ಸೇರಿದರು. ಹೆಣ್ಣುಮಕ್ಕಳು ರಂಗಕ್ಕೆ ಬರುವುದು ಅಪರೂಪವಾಗಿದ್ದ ಆ ಕಾಲದಲ್ಲಿ ಸ್ತ್ರೀ ಪಾತ್ರಗಳನ್ನು ಮಾಡಿದರು. ಬೆಳೆದಂತೆ ನಾಯಕರಾದರು. 1940ರ ದಶಕದಲ್ಲಿ ‘ಕಲಾವೈಭವ ನಾಟ್ಯ ಸಂಘ’ ಎಂಬ ತಮ್ಮದೇ ಕಂಪನಿ ಕಟ್ಟಿದರು. ಅವರ ಬಾಳಸಂಗಾತಿ ಲಕ್ಷ್ಮೀಬಾಯಿಯವರೂ ನಟಿ, ಗಾಯಕಿ. ಕಂಪನಿಯ ಭಾರವನ್ನು ಇಬ್ಬರೂ ಹೊತ್ತರು.

ನಾನು ಲೋಕೋಪಯೋಗಿ ಇಲಾಖೆಯಲ್ಲಿ ಕಟ್ಟಡಗಳ ಲೆಕ್ಕ ಹಾಕಿದವನು. ಕಂಪನಿ ನಾಟಕವೆಂದರೆ ಏನೆಂದು ಆ ಕಣ್ಣಿನಿಂದ ನೋಡಿದರೆ ಬೆರಗಾಗುತ್ತದೆ. ಕಂಬ, ತಗಡು, ಪರದೆ, ಕುರ್ಚಿ, ಪೆಟ್ಟಿಗೆ ಎಲ್ಲವನ್ನೂ ಬಿಚ್ಚಿ, ಲಾರಿಗೆ ಹೇರಿ, ಮುಂದಿನ ಊರಿನ ಬಯಲಿನಲ್ಲಿ ಮತ್ತೆ ರಂಗಮಂದಿರ ನಿಲ್ಲಿಸಬೇಕು. ಅಷ್ಟೂ ಜನರಿಗೆ ದಿನಾ ಎರಡು ಹೊತ್ತು ಊಟ ಹಾಕಬೇಕು. ಧ್ವನಿವರ್ಧಕ ಇಲ್ಲದ ದಿನಗಳಲ್ಲಿ ಕಾಲು ಪೆಟ್ಟಿಗೆಯ ಶ್ರುತಿಗೆ ಕಂಠ ಏರಿಸಿ, ಕೊನೆಯ ಸಾಲಿನಲ್ಲಿ ಚಾಪೆಯ ಮೇಲೆ ಕೂತವನಿಗೂ ಮಾತು ಬಿಡಿಬಿಡಿಯಾಗಿ ಕೇಳುವಂತೆ ಹಾಡಬೇಕು. ಮಳೆ ಹಿಡಿದರೆ ಕಲೆಕ್ಷನ್ ಇಲ್ಲ. ಕಲೆಕ್ಷನ್ ಇಲ್ಲದಿದ್ದರೆ ಸಾಲ.

ಇಂಥ ಕಂಪನಿಯಿಂದ ಬಂದದ್ದು ‘ಜಗಜ್ಯೋತಿ ಬಸವೇಶ್ವರ’ ನಾಟಕ. ಬಸವಣ್ಣನವರ ಪಾತ್ರ ಬಾಳಪ್ಪನವರದು. ಅವರು ರಂಗಕ್ಕೆ ಬಂದರೆ ಜನ ಎದ್ದು ನಿಂತು ಕೈಮುಗಿಯುತ್ತಿದ್ದರು. ಡಾ. ಫ.ಗು. ಹಳಕಟ್ಟಿಯವರು ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದ್ದು 1923ರಲ್ಲಿ. ಅದು ಓದು ಬಲ್ಲವರ ಕೈಗೆ ಬಂತು. ಓದು ಬಾರದ ರೈತನಿಗೆ, ಕೂಲಿಯವನಿಗೆ, ಅವನ ಮನೆಯ ಹೆಣ್ಣುಮಕ್ಕಳಿಗೆ ಕಲ್ಯಾಣದ ಕಥೆ ಮುಟ್ಟಿದ್ದು ಇಂಥ ನಾಟಕಗಳಿಂದ. ಈ ಕಡೆ, ಹಳೆಯ ಮೈಸೂರು ಸೀಮೆಯಲ್ಲಿ, 1959ರಲ್ಲಿ ಅದೇ ಹೆಸರಿನ ಚಲನಚಿತ್ರ ಬಂತು. ಅದರಲ್ಲಿ ಬಸವಣ್ಣನವರಾದ ಹೊನ್ನಪ್ಪ ಭಾಗವತರೂ ಕಂಪನಿ ನಾಟಕದಿಂದಲೇ ಬಂದ ಹಾಡುಗಾರ ನಟರು.

ಈಗ ನಮ್ಮ ಮನೆಯದೇ ಒಂದು ಮಾತು ಹೇಳಬೇಕು. ನಾನು ಚಿಕ್ಕವನಿದ್ದಾಗ ಧಾರವಾಡ ಕಡೆಯ ನಮ್ಮ ಊರಿಗೆ ಒಂದು ಸಣ್ಣ ನಾಟಕ ಕಂಪನಿ ಬಂದಿತ್ತು. ಬಸವಣ್ಣನವರ ನಾಟಕ. ನಮ್ಮ ಅಜ್ಜಿ ರಾತ್ರಿಯಿಡೀ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನೋಡಿದಳು. ನೀಲಾಂಬಿಕೆಯ ಪಾತ್ರದ ನಟಿ ಹಾಡಿದಾಗ ಕೂತಲ್ಲೇ ಹಣೆ ನೆಲಕ್ಕೆ ಮುಟ್ಟಿಸಿದಳು. ಮರುದಿನ ಮಧ್ಯಾಹ್ನ ಅದೇ ನಟಿ ಮಜ್ಜಿಗೆ ಕೇಳಿಕೊಂಡು ನಮ್ಮ ಮನೆಗೆ ಬಂದರು. ಅಜ್ಜಿ ಅವರನ್ನು ಒಳಗೆ ಕರೆಯಲಿಲ್ಲ. ದನದ ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲಿಸಿ, ಮೇಲಿಂದ ತಂಬಿಗೆಗೆ ಮಜ್ಜಿಗೆ ಹೊಯ್ದಳು. ‘ರಾತ್ರಿ ಕೈ ಮುಗದಿದ್ದೆಲ್ಲಬೇ, ಈಗ್ಯಾಕ ಒಳಗ ಕರೀಲಿಲ್ಲ?’ ಎಂದು ಕೇಳಿದೆ. ‘ರಾತ್ರಿ ಆಕಿ ನೀಲಮ್ಮ ತಾಯಿ ಆಗಿದ್ಲು. ಈಗ ನಾಟಕದಾಕಿ’ ಎಂದಳು.

ನಮ್ಮ ಅಜ್ಜಿ ಕೆಟ್ಟವಳಲ್ಲ. ದಿನಾ ಲಿಂಗಪೂಜೆ ಮಾಡದೆ ನೀರು ಕುಡಿದವಳಲ್ಲ. ಆದರೆ ಬಸವಣ್ಣನವರು ಇದನ್ನೇ ಅಲ್ಲವೆ ಬೇಡವೆಂದದ್ದು? ಬಹುರೂಪಿ ಚೌಡಯ್ಯನವರನ್ನು ನೆನೆಯಿರಿ. ವೇಷ ಕಟ್ಟಿ ಆಡುವುದೇ ಅವರ ಕಾಯಕ. ಇಂದಿನ ಮಾತಿನಲ್ಲಿ ಹೇಳುವುದಾದರೆ ನಟ. ಕಿನ್ನರಿ ಬೊಮ್ಮಯ್ಯನವರು ಕಿನ್ನರಿ ನುಡಿಸಿದರು. ನಗೆಯ ಮಾರಿತಂದೆಯವರು ಜನರನ್ನು ನಗಿಸಿದರು. ಇವರಲ್ಲಿ ಯಾರಿಗೂ ಕೊಟ್ಟಿಗೆಯ ಬಾಗಿಲು ತೋರಿಸಲಿಲ್ಲ. ಒಳಗೆ ಕರೆದು ಕೂರಿಸಿದರು, ಅವರ ವಚನ ಕೇಳಿದರು.

ಅಜ್ಜಿಯ ಕಥೆ ಹೇಳಿ ನಾನು ಪಾರಾಗುವಂತಿಲ್ಲ. ನಿವೃತ್ತನಾದ ಮೇಲೆ ಒಂದು ಬಸವ ಜಯಂತಿ ಸಮಿತಿಯಲ್ಲಿ ನಾನು ಖಜಾಂಚಿಯಾಗಿದ್ದೆ. ಶಾಮಿಯಾನದವರಿಗೆ, ಧ್ವನಿವರ್ಧಕದವರಿಗೆ, ಅಡುಗೆಯವರಿಗೆ ಬಿಲ್ಲಿನಂತೆ ಹಣ ಕೊಟ್ಟೆವು. ರಂಗಗೀತೆ ಹಾಡಲು ಬಂದಿದ್ದ ವಯಸ್ಸಾದ ಕಲಾವಿದೆಯೊಬ್ಬರಿಗೆ ಶಾಲು, ಹಣ್ಣಿನ ಬುಟ್ಟಿ, ಒಂದು ಸ್ಮರಣಿಕೆ ಕೊಟ್ಟೆವು. ‘ಬಸವಣ್ಣನವರ ಸೇವೆ’ ಎಂದು ಮೊದಲೇ ಹೇಳಿದ್ದೆವು. ಹೊರಡುವಾಗ ಅವರು ನನ್ನನ್ನು ಬದಿಗೆ ಕರೆದು, ‘ಶಾಲು ಮನ್ಯಾಗ ಭಾಳ ಅದಾವ್ರೀ ಸಾಹೇಬ್ರ. ಬಸ್ ಚಾರ್ಜ್ ಏನರ ಕೊಡ್ತೀರೇನು?’ ಎಂದರು. ಜೇಬಿನಿಂದ 500 ರೂಪಾಯಿ ತೆಗೆದುಕೊಟ್ಟೆ. ದೊಡ್ಡ ಉಪಕಾರ ಮಾಡಿದೆನೆಂಬ ಸಮಾಧಾನವೂ ಆಯಿತು. ಮನೆಗೆ ಬಂದು ಲೆಕ್ಕದ ಪುಸ್ತಕಕ್ಕೆ ಸಹಿ ಹಾಕುವಾಗ ಅಜ್ಜಿಯ ಮಜ್ಜಿಗೆ ನೆನಪಾಯಿತು. ನಾನೂ ಮೇಲಿಂದಲೇ ಹೊಯ್ದಿದ್ದೆ.

ಕಾಯಕ ಮಾಡಿದವನಿಗೆ ಕಾಯಕದ ಫಲ ಸಲ್ಲಬೇಕು. ದಾಸೋಹ ಅದರ ಆಮೇಲಿನದು, ಅದು ಅವನ ಇಚ್ಛೆ. ಕೂಲಿ ಉಳಿಸಿಕೊಂಡು ಅದಕ್ಕೆ ಸೇವೆ ಎಂದು ಹೆಸರಿಡುವುದು ದಾಸೋಹವಲ್ಲ.

ನಮ್ಮ ಮಠಗಳು ಈ ದಾರಿಯನ್ನು ತೋರಿಸಿವೆ. ಪುಟ್ಟರಾಜ ಗವಾಯಿಗಳು ತಾವೇ ನಾಟಕ ಬರೆದರು. ನಾಟ್ಯ ಸಂಘ ನಡೆಸಿ, ಅದರ ಗಳಿಕೆಯನ್ನು ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಅನ್ನಕ್ಕೆ ಕೊಟ್ಟರು. ಸಾಣೇಹಳ್ಳಿಯ ಪೂಜ್ಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ‘ಶಿವಸಂಚಾರ’ ಆರಂಭಿಸಿದರು. ಅಲ್ಲಿನ ಕಲಾವಿದರು ವರ್ಷವೂ ಹೊಸ ನಾಟಕಗಳನ್ನು ಕಟ್ಟಿಕೊಂಡು ನಾಡೆಲ್ಲ ತಿರುಗುತ್ತಾರೆ. ಮಠದ ಅಂಗಳಕ್ಕೆ ಬಂದ ನಟ ಅಲ್ಲಿ ಮನೆಯವನೇ.

ಸಿನಿಮಾ, ಟಿ.ವಿ. ಬಂದ ಮೇಲೆ ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಬಾಳಪ್ಪನವರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಮಗ ನಟರಾಜ ಏಣಗಿಯವರೂ ಹೆಸರಾಂತ ನಟರಾಗಿದ್ದರು. ಆ ಮಗನ ಸಾವನ್ನೂ ತಂದೆ ಕಾಣಬೇಕಾಯಿತು. 2017ರ ಆಗಸ್ಟ್ 18ರಂದು, 103ನೆಯ ವಯಸ್ಸಿನಲ್ಲಿ ಬಾಳಪ್ಪನವರು ಲಿಂಗೈಕ್ಯರಾದರು. ಅವರಿಗೆ ಗೌರವ ಸಂದಿತು. ಅವರ ಹಾಗೆ ಬಣ್ಣ ಹಚ್ಚಿ, ಹೆಸರಿಲ್ಲದೆ ಉಳಿದ ಕಲಾವಿದರು ನೂರಾರು ಮಂದಿ.

ಆದ್ದರಿಂದ ನಮ್ಮ ಬಳಗಕ್ಕೆ ನನ್ನದು ಮೂರು ವಿನಂತಿ. ಒಂದು, ನಾವು ಕರೆಸುವ ಪ್ರತಿ ಕಲಾವಿದರಿಗೂ ಸಂಭಾವನೆ ಎಷ್ಟೆಂದು ಮೊದಲೇ ತಿಳಿಸಿ, ಪ್ರಯಾಣದ ಖರ್ಚಿನೊಡನೆ ಅದೇ ದಿನ ಕೈಗೆ ಕೊಡೋಣ. ಶಾಲು ಅದರ ಮೇಲೆ ಇರಲಿ, ಅದರ ಬದಲಿಗೆ ಬೇಡ. ಎರಡು, ಕಾರ್ಯಕ್ರಮ ಮುಗಿದ ಮೇಲೆ ಅವರನ್ನು ನಮ್ಮ ಪಂಕ್ತಿಯಲ್ಲೇ ಕೂರಿಸಿಕೊಂಡು ಪ್ರಸಾದ ಸ್ವೀಕರಿಸೋಣ. ಮೂರು, ಟಿಕೆಟ್ ಕೊಂಡು ನಾಟಕ ನೋಡೋಣ. ಇಲ್ಲೇ ಜೆ.ಪಿ. ನಗರದಲ್ಲಿ 2004ರಿಂದ ರಂಗಶಂಕರ ಇದೆ. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ.

ಆ ಕಲಾವಿದೆಗೆ ಸಲ್ಲಬೇಕಾಗಿದ್ದ ಹಣವನ್ನು ಆಮೇಲೆ ನಾನೇ ಅವರ ಮನೆಗೆ ಒಯ್ದು ಕೊಟ್ಟೆ. ಅವರು ನನ್ನನ್ನು ಬಾಗಿಲಲ್ಲಿ ನಿಲ್ಲಿಸಲಿಲ್ಲ. ಒಳಗೆ ಕರೆದು, ಚಾಪೆ ಹಾಸಿ, ಚಹಾ ಕೊಟ್ಟರು.