ಹತ್ತಿರ ಬಂದು ಹೇಳುವ ಮಾತು
(ಸಂತ ಅಂತೋಣಿಯವರ ಹಬ್ಬದ ಪ್ರಬೋಧನೆ, ಜೂನ್ 13)



“ಸಾಕಪ್ಪಾ ನಿನ್ನ ಉಪದೇಶ!” ಈ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. ಪರೀಕ್ಷೆಯಲ್ಲಿ ನಪಾಸಾದ ಮಗ ತಲೆ ತಗ್ಗಿಸಿ ಕೂತಿದ್ದಾನೆ. ತಟ್ಟೆಯಲ್ಲಿ ಮುದ್ದೆ ಆರುತ್ತಿದೆ. ನಾವೋ, ನಮ್ಮ ಕಾಲದಲ್ಲಿ ಎಷ್ಟು ದೂರ ನಡೆದು ಶಾಲೆಗೆ ಹೋದೆವೆಂದು ಶುರುಮಾಡುತ್ತೇವೆ. ಅವನು ಊಟ ಬಿಟ್ಟು ಎದ್ದು ಹೋಗುತ್ತಾನೆ. ಅಂದಿನಿಂದ ತನ್ನ ಕಷ್ಟವನ್ನು ನಮ್ಮ ಮುಂದೆ ಹೇಳುವುದೇ ಇಲ್ಲ. ನಾವು ಕಳೆದುಕೊಂಡದ್ದು ಏನೆಂದು ಯೋಚಿಸಿದ್ದೇವೆಯೇ? ಪೀಠದಿಂದ ಮಾತನಾಡುವ ನಾವು ಗುರುಗಳೂ ಈ ತಪ್ಪಿಗೆ ಹೊರತಲ್ಲ.

ಉಪದೇಶ ಕೆಟ್ಟ ಪದವಲ್ಲ. ‘ಉಪ’ ಎಂದರೆ ಹತ್ತಿರ, ‘ದಿಶ್’ ಎಂದರೆ ತೋರಿಸು. ಹತ್ತಿರ ಬಂದು ದಾರಿ ತೋರಿಸುವುದೇ ಉಪದೇಶ. ಜ್ಞಾನೋಪದೇಶ ಕಲಿಸುತ್ತಿದ್ದವರನ್ನು ನಮ್ಮ ಹಿರಿಯರು ‘ಉಪದೇಶಿ’ ಎಂದು ಗೌರವದಿಂದ ಕರೆದರು. ಅವರು ಹಳ್ಳಿಗಳಿಗೆ ನಡೆದು ಹೋಗಿ, ರೋಗಿಗಳ ಪಕ್ಕ ಕೂತು ಜಪ ಹೇಳಿಕೊಡುತ್ತಿದ್ದರು. ಹತ್ತಿರ ಹೋಗುವುದು ನಿಂತು, ಹೇಳುವುದು ಮಾತ್ರ ಉಳಿದಾಗ ಆ ಒಳ್ಳೆಯ ಪದ ಬೇಸರದ ಪದವಾಯಿತು.

ನಮ್ಮ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರನ್ನು ನೆನೆಯೋಣ. 1943ರಲ್ಲಿ ಪ್ರಕಟವಾದ ತಮ್ಮ ನೀತಿಪದ್ಯಗಳಿಗೆ ಅವರು ಇಟ್ಟ ಹೆಸರು ‘ಮಂಕುತಿಮ್ಮನ ಕಗ್ಗ’. ಕಗ್ಗವೆಂದರೆ ಎಳೆದೆಳೆದು ಕೊರೆಯುವ ಮಾತು, ಮಂಕನೆಂದರೆ ದಡ್ಡ. ಅಷ್ಟು ತಿಳಿದವರು ಬುದ್ಧಿ ಹೇಳುವ ಮುನ್ನ ದಡ್ಡನ ಜಾಗದಲ್ಲಿ ಕೂತರು. ಆದ್ದರಿಂದಲೇ ಇರಬೇಕು, ಜನ ಆ ಕಗ್ಗವನ್ನು ಇಂದಿಗೂ ಪ್ರೀತಿಯಿಂದ ಓದುತ್ತಾರೆ. ತಗ್ಗಿ ಹೇಳಿದ ಮಾತು ಮನಸ್ಸಿಗೆ ಇಳಿಯುತ್ತದೆ.

ಭಾರವಾದ ಹೊರೆಯನ್ನು ಜನರ ಹೆಗಲಿಗೆ ಹೊರಿಸಿ, ತಾವು ಬೆರಳನ್ನೂ ತಾಗಿಸದ ಬೋಧಕರನ್ನು ಯೇಸುಸ್ವಾಮಿ ಖಂಡಿಸಿದರು. ಇಂದು ನಾವು ಕೊಂಡಾಡುವ ಸಂತ ಅಂತೋಣಿಯವರು ಅಂಥವರಲ್ಲ. ಪಾದುವಾ ನಗರದಲ್ಲಿ ಅವರು ಬಡ್ಡಿಯ ಪಾಪದ ವಿರುದ್ಧ ಬೋಧಿಸಿ ಸುಮ್ಮನಾಗಲಿಲ್ಲ. ಸೆರೆ ಸೇರುತ್ತಿದ್ದ ಬಡ ಸಾಲಗಾರರ ಪರವಾಗಿ ಆಡಳಿತದ ಮುಂದೆ ಬೇಡಿಕೊಂಡರು. ತನ್ನ ಆಸ್ತಿಯನ್ನು ಒಪ್ಪಿಸಿದ ಸಾಲಗಾರನನ್ನು ಸೆರೆಯಲ್ಲಿ ಇಡಬಾರದೆಂಬ ಕಾನೂನು 1231ರ ಮಾರ್ಚ್‌ನಲ್ಲಿ ಬಂತು. ಅದೇ ವರ್ಷ ಜೂನ್ 13ರಂದು ಅವರು ದೈವಾಧೀನರಾದರು. 1263ರಲ್ಲಿ ಅವರ ಸಮಾಧಿಯನ್ನು ತೆರೆದಾಗ ನಾಲಿಗೆ ಕೆಡದೆ ಉಳಿದಿತ್ತೆಂದು ಧರ್ಮಸಭೆ ಸ್ಮರಿಸುತ್ತದೆ. ಹೊರೆ ಇಳಿಸಿದ ನಾಲಿಗೆ ಅದು.

ಪ್ರಿಯರೇ, ಶ್ರೀನಿವಾಸಪುರದ ತೋಪುಗಳಲ್ಲಿ ಈಗ ಮಾವಿನ ಸುಗ್ಗಿ. ಎಲೆ ನೋಡಿ ಯಾರೂ ಬೆಲೆ ಕಟ್ಟುವುದಿಲ್ಲ, ಹಣ್ಣು ನೋಡಿ ಕಟ್ಟುತ್ತಾರೆ. ನಮ್ಮ ಮಾತಿಗೂ ಅಷ್ಟೇ. ಇಂದು ರಾತ್ರಿ ಊಟಕ್ಕೆ ಕೂತಾಗ ಮಗನ ಪಕ್ಕದಲ್ಲೇ ಕೂರೋಣ. ಮೊದಲು ಅವನ ಮಾತು ಕೇಳೋಣ. ನಾವು ಸೋತ ದಿನವೊಂದನ್ನು ಅವನಿಗೆ ಮುಚ್ಚಿಡದೆ ಹೇಳೋಣ. ಆಮೇಲೆ ಒಂದು ಮಾತು ಬುದ್ಧಿ ಹೇಳಿದರೂ ಸಾಕು, ಅದು ಉಪದೇಶವೇ ಆಗುತ್ತದೆ.

ಸಂತ ಅಂತೋಣಿಯವರೇ, ನಮ್ಮ ನಾಲಿಗೆಗಾಗಿ ಪ್ರಾರ್ಥಿಸಿರಿ. ಆಮೆನ್.