ಹಿತ್ತಿಲ ಸೊಪ್ಪು, ಅಡಿಗೆಮನೆಯ ಸಂಪತ್ತು

(ರಜತ ಮಹೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಸಂತೋಷದ ಸಮಯದಲ್ಲಿ ನಾಲ್ಕು ಮಾತಾಡಲು ಅವಕಾಶ ಕೊಟ್ಟಿದ್ದಕ್ಕೆ ವಂದನೆಗಳು. ದೊಡ್ಡ ವಿಷಯ ಮಾತಾಡುವವರು ಬೇರೆ ಇದ್ದಾರೆ. ನಾವು ಹೇಳಹೊರಟಿರುವುದು ಕೊತ್ತಂಬರಿ, ಕರಿಬೇವಿನ ಸಂಗತಿ. ಇದೂ ಒಂದು ವಿಷಯವೇ ಎಂದು ನಗಬೇಡಿ.

ನಮ್ಮೂರಲ್ಲಿ ತೋಟ ಇಲ್ಲದ ಮನೆ ಕಡಿಮೆ. ಆದರೂ ಅಡಿಕೆ ಮಾರಿದ ದುಡ್ಡಿನಲ್ಲಿ ಸಂತೆಯಿಂದ ಕರಿಬೇವು ಕೊಂಡು ತರುತ್ತೇವೆ! ಅದು ಎಲ್ಲಿ ಬೆಳೆದದ್ದು, ಯಾವ ಔಷಧಿ ಹೊಡೆದದ್ದು, ಹೊಡೆದು ಎಷ್ಟು ದಿನ ಆಯಿತು ಅಂತ ಕೇಳಿದರೆ ಮಾರುವವನಿಗೂ ಗೊತ್ತಿರುವುದಿಲ್ಲ.

ತಪ್ಪು ನಮ್ಮದೂ ಇದೆ. ನಮ್ಮ ಅತ್ತೆಯವರ ಕಾಲದಲ್ಲಿ ಬಚ್ಚಲ ನೀರು ಹರಿಯುವಲ್ಲಿ ಒಂದೆಲಗ ಹಬ್ಬಿತ್ತು, ಬಾವಿಕಟ್ಟೆಯ ಹತ್ತಿರ ದೊಡ್ಡಪತ್ರೆ ಇತ್ತು. ನೆಂಟರು ಹೇಳದೆ ಬಂದರೂ ಒಂದು ತಂಬುಳಿಗೆ ತೊಂದರೆ ಇರಲಿಲ್ಲ. ಮನೆ ರಿಪೇರಿ ಮಾಡಿಸುವಾಗ ಕೆಸರಾಗುತ್ತದೆ ಅಂತ ಹಿತ್ತಿಲಿಗೆಲ್ಲ ಸಿಮೆಂಟು ಹಾಕಿಸಿದೆವು. ಅತ್ತೆಯವರು ಏನೂ ಹೇಳಲಿಲ್ಲ. ಮರುವರ್ಷ ಮಗುವಿಗೆ ಶೀತವಾದಾಗ ದೊಡ್ಡಪತ್ರೆ ಹುಡುಕಿಕೊಂಡು ಕೋಲೂರುತ್ತ ಮೂರು ಮನೆಗೆ ಹೋಗಿ ಬರಿಗೈಯಲ್ಲಿ ಬಂದರು. ಆ ಮನೆಗಳ ಹಿತ್ತಿಲಿಗೂ ಸಿಮೆಂಟು ಬಿದ್ದಿತ್ತು. ಅವತ್ತು ನಮಗೆ ಬುದ್ಧಿ ಬಂತು. ಒಂದು ಮೂಲೆಯ ಸಿಮೆಂಟು ಒಡೆಸಿ ಮತ್ತೆ ಶುರು ಮಾಡಿದೆವು.

ಕಲಿತದ್ದನ್ನು ಹೇಳುತ್ತೇವೆ. ಕೊತ್ತಂಬರಿಯ ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತವೆ. ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಹಾಕಿ ಬಿತ್ತಬೇಕು. ಮೊಳೆಯಲು ಎಂಟು ಹತ್ತು ದಿನ ಬೇಕು, ಅವಸರಪಟ್ಟು ಕೆದಕಬಾರದು. ನಲವತ್ತು ದಿನದ ಹೊತ್ತಿಗೆ ಸೊಪ್ಪು ಸಿಗುತ್ತದೆ. ಜಡಿಮಳೆಗೆ ಕೊಳೆಯುತ್ತದೆ, ಬಿಸಿಲು ಬಲಿತರೆ ಬೇಗ ಹೂವಿಗೆ ಹೋಗುತ್ತದೆ. ಆದ್ದರಿಂದ ದೀಪಾವಳಿ ಕಳೆದ ಮೇಲೆ, ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತಿದರೆ ಬೇಸಿಗೆಯವರೆಗೂ ಚಿಂತೆಯಿಲ್ಲ.

ಪುದೀನಕ್ಕೆ ಬೀಜ ಬೇಡ. ಅಂಗಡಿಯ ಕಟ್ಟಿನಲ್ಲಿ ಬಲಿತ ಕಡ್ಡಿ ಆರಿಸಿ, ಕೆಳಗಿನ ಎಲೆ ತೆಗೆದು, ಅರೆನೆರಳಲ್ಲಿ ಊರಿ ತೇವ ಆರದಂತೆ ನೋಡಿಕೊಂಡರೆ ಆಯಿತು. ದೊಡ್ಡಪತ್ರೆಯೂ ಕಡ್ಡಿಯಿಂದಲೇ ಬರುತ್ತದೆ, ಆದರೆ ಅದಕ್ಕೆ ನೀರು ನಿಲ್ಲಬಾರದು. ಒಂದೆಲಗಕ್ಕೆ ಬೇರಿರುವ ಒಂದು ಬಳ್ಳಿ ಸಾಕು.

ಕರಿಬೇವಿನ ಬೀಜ ಒಣಗಿಸಿಟ್ಟರೆ ಹುಟ್ಟುವುದಿಲ್ಲ. ಕಪ್ಪಾದ ಹಣ್ಣಿನ ತಿರುಳು ತೊಳೆದು ಕೂಡಲೇ ಹಾಕಬೇಕು. ಇಲ್ಲವೇ ಹಳೆಯ ಮರದ ಬೇರಿನಿಂದ ಎದ್ದ ಮರಿ ಕಿತ್ತು ನೆಡಬಹುದು. ಗಿಡ ಸೊಂಟದೆತ್ತರ ಬಂದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಂಡರೆ ಅದು ಚಿಟ್ಟೆಯ ಹುಳು, ಕೈಯಿಂದಲೇ ಆರಿಸಿ ತೆಗೆಯಿರಿ. ನಾಲ್ಕು ಹುಳುವಿಗೆ ವಿಷ ಹೊಡೆದರೆ ಸಂತೆಯ ಸೊಪ್ಪಿಗೂ ನಮ್ಮದಕ್ಕೂ ಏನು ವ್ಯತ್ಯಾಸ?

ಇನ್ನೊಂದು ಎಚ್ಚರಿಕೆ. ಹಿಂದೆ ಬಚ್ಚಲಿಗೆ ಹೋಗುತ್ತಿದ್ದದ್ದು ಸೀಗೆಪುಡಿಯ ನೀರು, ಈಗ ಸೋಪಿನ ಪುಡಿಯ ನೀರು. ಅದನ್ನು ಸೊಪ್ಪಿಗೆ ಬಿಡಬೇಡಿ. ಅಕ್ಕಿ, ತರಕಾರಿ ತೊಳೆದ ನೀರೇ ಸಾಕಾಗುತ್ತದೆ. ಜಾಗ ಇಲ್ಲದವರು ಒಡೆದ ಬಕೆಟ್ಟಿಗೆ ತಳದಲ್ಲಿ ತೂತು ಮಾಡಿ ಮಣ್ಣು, ಮರಳು, ಹಳೆಯ ಸಗಣಿ ಗೊಬ್ಬರ ತುಂಬಿಕೊಳ್ಳಲಿ.

1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ, ಒಬ್ಬನಿಂದ ಆಗದ್ದು ಹತ್ತು ಜನ ಸೇರಿದರೆ ಆದೀತು ಎಂಬ ನಂಬಿಕೆಯೇ ಬಂಡವಾಳ. ಸೊಪ್ಪಿನ ವಿಷಯವೂ ಹಾಗೆಯೇ. ಒಬ್ಬರ ಮನೆಯಲ್ಲಿ ಬಳ್ಳಿ ಸತ್ತರೆ ಇನ್ನೊಬ್ಬರ ಮನೆಯಲ್ಲಿ ಉಳಿದಿರಬೇಕು. ಮುಂದಿನ ಸರ್ವಸದಸ್ಯರ ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದು ಕಡ್ಡಿಯೋ, ಹಿಡಿ ಬೀಜವೋ ತನ್ನಿ. ಕೊಟ್ಟು ತೆಗೆದುಕೊಂಡು ಹೋಗೋಣ. ಈ ಸಾಲಕ್ಕೆ ಬಡ್ಡಿಯಿಲ್ಲ, ಜಾಮೀನೂ ಬೇಡ.

ಯಾವ ಅಜ್ಜಿಯೂ ಒಂದು ಎಲೆಗಾಗಿ ಮೂರು ಮನೆ ತಿರುಗಿ ಬರಿಗೈಯಲ್ಲಿ ಬರದಿರಲಿ ಎಂದು ಹಾರೈಸಿ, ನಮ್ಮ ಮಾತು ಮುಗಿಸುತ್ತೇವೆ.