ಹಿಂದಿನ ಸೀಟಿನಡಿಯ ಹೀಟರ್ ಸೋರಿದಾಗ
(ಚಾಲಕರ ಮತ್ತು ವರ್ಕ್‌ಶಾಪ್ ಕೆಲಸಗಾರರ ಸಂಜೆ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಲೈನುಗಳಿಂದ ಡ್ರೈವರ್ ಕೆಲಸಕ್ಕೂ ವರ್ಕ್‌ಶಾಪಿಗೂ ಹೋಗುವ ಹುಡುಗರು ಈಗ ಬಹಳ. ಕೆಲವರು ದೂರದ ಚಳಿದೇಶಗಳಿಗೂ ಹೋಗಿದ್ದಾರೆ. ಇಂಜಿನ್ ಕಾದು ಕೆಟ್ಟರೆ ಮೊದಲ ಬೈಗುಳ ಡ್ರೈವರನಿಗೇ. ಆದುದರಿಂದ ನೀರು ಎಲ್ಲಿ ಸೋರುತ್ತಿದೆ ಎಂದು ಖಂಡಿತವಾಗಿ ತೋರಿಸಬಲ್ಲವನಿಗೆ ಧೈರ್ಯ ಹೆಚ್ಚು.

ಜರ್ಮನಿಯ ಫೋಕ್ಸ್‌ವ್ಯಾಗನ್ ಟಿ3 ವ್ಯಾನನ್ನೇ ತೆಗೆದುಕೊಳ್ಳೋಣ. 1979ರಲ್ಲಿ ಬಂದಾಗ ಅದರ ಪೆಟ್ರೋಲ್ ಇಂಜಿನ್ನಿಗೆ ಗಾಳಿಯೇ ತಂಪು. 1982ರಿಂದ ನೀರಿನ ತಂಪು ಬಂದಿತು. ಇಂಜಿನ್ ಹಿಂದೆ, ರೇಡಿಯೇಟರು ಮುಂದೆ, ನಡುವೆ ನೆಲದಡಿ ಉದ್ದನೆಯ ಕೊಳವೆಗಳು. ಹಲವು ವ್ಯಾನುಗಳಲ್ಲಿ ಹಿಂದಿನ ಸೀಟಿನಡಿ ಇನ್ನೊಂದು ಹೀಟರ್ ಇರುತ್ತದೆ. ಅದೊಂದು ಪುಟ್ಟ ರೇಡಿಯೇಟರೇ ಸರಿ: ಇಂಜಿನ್ನಿನ ಬಿಸಿ ನೀರು ಅದರೊಳಗೆ ಹರಿಯುತ್ತದೆ, ಫ್ಯಾನು ಗಾಳಿ ಊದುತ್ತದೆ. ಸೀಟಿನಡಿ ಅಡಗಿರುವುದರಿಂದ ವರ್ಷಗಟ್ಟಲೆ ಯಾರೂ ಅದನ್ನು ನೋಡುವುದಿಲ್ಲ.

ಒಳಗೆ ಸಿಹಿ ವಾಸನೆ ಬಂದರೆ, ಗಾಜಿನ ಮೇಲೆ ಜಿಡ್ಡಿನ ಮಂಜು ಕೂತರೆ, ನೆಲದ ಚಾಪೆ ಒದ್ದೆಯಾದರೆ ಅನುಮಾನಪಡಿರಿ. ಬೆರಳಿಗೆ ಜಾರುವಂತಿದ್ದು ಬಣ್ಣವಿದ್ದರೆ ಅದು ಮಳೆನೀರಲ್ಲ, ಕೂಲೆಂಟ್. ನಾಲಿಗೆಗೆ ಹಚ್ಚಿ ನೋಡುವವರಿದ್ದಾರೆ; ದಯವಿಟ್ಟು ಬೇಡ. ಅದರಲ್ಲಿರುವ ಗ್ಲೈಕಾಲ್ ವಿಷ. ಸಿಹಿಯಾಗಿರುವುದರಿಂದಲೇ ಮಕ್ಕಳೂ ನಾಯಿಗಳೂ ಕುಡಿದುಬಿಡುತ್ತವೆ.

ಹುಡುಕುವ ಕೆಲಸ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ. ಬಿಸಿಯಿರುವಾಗ ಮುಚ್ಚಳ ತೆರೆದವರ ಮುಖ, ಕೈ ಬೆಂದುಹೋಗುತ್ತದೆ. ಡಬ್ಬಿಯ ಮೇಲೆ ನೀರಿನ ಮಟ್ಟಕ್ಕೆ ಗೆರೆ ಹಾಕಿರಿ. ಸೀಟು ಎತ್ತಿ, ಎಲ್ಲವನ್ನೂ ಒಣಬಟ್ಟೆಯಿಂದ ಒರಸಿ, ಕೆಳಗೆ ಹಳೇ ಪತ್ರಿಕೆ ಹಾಸಿರಿ. ನೀರು ಕೆಳಗೆ ಇಳಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಆದ್ದರಿಂದ ತೊಟ್ಟಿಕ್ಕುವ ಜಾಗವನ್ನಲ್ಲ, ಅತಿ ಮೇಲಿನ ಒದ್ದೆ ಜಾಗವನ್ನು ನೋಡಬೇಕು. ಮೊದಲು ಹೋಸುಗಳ ತುದಿ, ಕ್ಲಿಪ್ಪುಗಳು. ಬಳಿಕ ನೀರು ಬಿಡುವ ವಾಲ್ವ್. ಹಳೆಯದಾದರೆ ಅದರ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಇವೆರಡೂ ಒಣಗಿದ್ದು ಪೆಟ್ಟಿಗೆಯ ಒಳಗಿನಿಂದಲೇ ಹನಿ ಬರುತ್ತಿದ್ದರೆ ಒಳಗಿನ ಪುಟ್ಟ ರೇಡಿಯೇಟರೇ ತೂತಾಗಿದೆ.

ಕೆಲವು ಸೋರಿಕೆ ಒತ್ತಡವಿದ್ದಾಗ ಮಾತ್ರ ಕಾಣುತ್ತದೆ. ಅದಕ್ಕೆ ಗ್ಯಾರೇಜಿನ ಕೈಪಂಪು ಬೇಕು. ಮುಚ್ಚಳದ ಮೇಲೆ ಬರೆದಿರುವುದಕ್ಕಿಂತ ಹೆಚ್ಚು ಒತ್ತಡ ಕೊಡಬೇಡಿ. ಚೆನ್ನಾಗಿದ್ದ ಹೋಸೂ ಕಳಚೀತು.

ಪಂಪು ಇಲ್ಲದಿದ್ದರೆ ಹೀಟರಿನ ಎರಡು ಹೋಸುಗಳನ್ನು ಬಿಚ್ಚಿ, ಒಂದು ತುಂಡು ಕೊಳವೆಯಿಂದ ಅವನ್ನೇ ಒಂದಕ್ಕೊಂದು ಸೇರಿಸಿ ಬಿಗಿಯಿರಿ. ಹೀಟರ್ ಹೊರಗುಳಿಯಿತು. ಕೆಲದಿನ ಓಡಿಸಿದ ಮೇಲೂ ಮಟ್ಟ ಗೆರೆಯಲ್ಲೇ ನಿಂತರೆ ತಪ್ಪು ಹೀಟರಿನದು. ಇಳಿಯುತ್ತಲೇ ಇದ್ದು ಹೊರಗೆಲ್ಲೂ ಒದ್ದೆಯಿಲ್ಲದಿದ್ದರೆ ಹೆಡ್ಡಿನ ಗ್ಯಾಸ್ಕೆಟ್ ನೋಡಿಸಿರಿ. ಈ ಇಂಜಿನ್ನಿಗೆ ಅದು ಹಳೆಯ ಕಾಯಿಲೆ.

ನಮ್ಮ ಎಸ್ಟೇಟಿನ ಜೀಪಿಗೂ ಟ್ರ್ಯಾಕ್ಟರಿಗೂ ಹುಡುಕುವ ಕ್ರಮ ಇದೇ. ಆದರೆ ಟಿ3ಯಲ್ಲಿ ನೀರು ತುಂಬಿದ ಮೇಲೆ ಗಾಳಿ ತೆಗೆಯುವುದು ಸ್ವಲ್ಪ ತಾಪತ್ರಯ: ಮುಂಭಾಗ ಎತ್ತಿ ನಿಲ್ಲಿಸಿ, ಇಂಜಿನ್ ಓಡುತ್ತಿರುವಾಗ ರೇಡಿಯೇಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರಿ ನೀರು ಬಂದ ಮೇಲೆ ಬಿಗಿಯಬೇಕು. ತೆಗೆದ ಹಳೆಯ ಕೂಲೆಂಟನ್ನು ತೆರೆದ ಬಕೆಟಿನಲ್ಲಿ ಬಿಡಬೇಡಿ, ಮೋರಿಗೆ ಚೆಲ್ಲಬೇಡಿ. ಮುಚ್ಚಳವಿರುವ ಡಬ್ಬಿಗೆ ಹಾಕಿ, ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಎತ್ತಿಡಿರಿ.